ಗೊಂಚಲು ಹಿಡಿದವರೇ ಹೆಡ್‌ಮಾಸ್ತರು

ಪೆಂಟಯ್ಯ ಮೇಷ್ಟ್ರು ಕೈ ಚಾಚಿದ್ದು ಒಂದು ಸಹಿಗಾಗಿ. ಹೆಡ್‌ಮೇಡಂ ಸುಲೋಚನಾ ಆ ಕೈಯಲ್ಲಿ ಬೀಗದ ಗೊಂಚಲು ಇಟ್ಟು ಆಟೋ ಹತ್ತಿದರು.

"ಮೇಡಂ, ನನ್ನ ಟ್ರಾನ್ಸ್‌ಫರ್! ಇವತ್ತು ಸಂಜೆಯೊಳಗೆ ಅಲ್ಲಿ ಸೇರ್ಕೊಳ್ದಿದ್ರೆ ರದ್ದಾಗುತ್ತೆ. ನನ್ನನ್ನ ಬಿಡುಗಡೆ ಮಾಡಿ ಹೋಗಿ!"

"ನನಗೆ ಬಿಪಿ ಏರಿದೆ ಪೆಂಟಯ್ಯನೋರೇ. ಸ್ಕೂಲ್ ಕಡೆ ತಲೆ ಹಾಕಿಯೂ ಮಲಗಬೇಡಿ ಅಂದಿದಾರೆ ಡಾಕ್ಟ್ರು. ಇನ್ಮೇಲೆ ನೀವೇ ಇಂಚಾರ್ಜ್. ಗೊಂಚಲು ಇನ್ನೊಬ್ಬರಿಗೆ ಕೊಟ್ಟು, ಅವರ ಹತ್ರ ಸಹಿ ಹಾಕಿಸ್ಕೊಂಡು ಹೋಗಿ. ಯಾರು ಬೇಡ ಅಂದ್ರು?"

ಎಲ್ಲರೂ ಬೇಡ ಅಂದರು.

ಅನ್ನಬೇಕಾದ್ದೇ. ಹೈದರಾಬಾದು ಬೆಳೆದು ಬೆಳೆದು ತುಮ್ಮಲಕುಂಟೆಯನ್ನು ನುಂಗಿತ್ತು. ಕೆರೆ ಇದ್ದಲ್ಲಿ ಗಗನಚುಂಬಿಗಳು ಎದ್ದಿದ್ದವು. ಅವನ್ನು ಕಟ್ಟಲು ಬಂದ ಕೂಲಿಗಳ ಮಕ್ಕಳು, ಅವುಗಳ ಕಾವಲಿಗೆ ನಿಂತವರ ಮಕ್ಕಳು, ಎಲ್ಲ ಸೇರಿದ್ದು ಹಳ್ಳಿಯ ಅಳತೆಗೆ ಕಟ್ಟಿದ ಅದೇ ಸರ್ಕಾರಿ ಹೈಸ್ಕೂಲಿಗೆ. ನಾಲ್ಕು ಭಾಷೆಯ ಮಕ್ಕಳಿಗೆ ಒಂದೇ ನಲ್ಲಿ. ಅಲ್ಲಿ ಇಂಚಾರ್ಜ್ ಆದವರಿಗೆ ಸಂಬಳ ಅಷ್ಟೇ, ಬೈಗುಳ ಮಾತ್ರ ದುಪ್ಪಟ್ಟು.

ಪೆಂಟಯ್ಯನವರ ಮನೆ ಊರಿನ ಆ ತುದಿಯ ಗಾಜುಲಗೂಡೆಂನಲ್ಲಿ. ಹೋಗಿಬರಲು ಎರಡೆರಡು ಬಸ್ಸು. ಬೆಳಿಗ್ಗೆ ಹೊರಡುವಾಗ ಮಗಳು ಶ್ರಾವಣಿ ಎದ್ದಿರುತ್ತಿರಲಿಲ್ಲ, ರಾತ್ರಿ ತಲುಪುವಾಗ ಮಲಗಿರುತ್ತಿದ್ದಳು. ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳುವ ಮೇಷ್ಟ್ರ ಮಗಳು ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲೇ ಫೇಲಾಗುತ್ತಿದ್ದಳು. ಆ ನೋವು ಅವರನ್ನು ಒಳಗೇ ಕೊರೆಯುತ್ತಿತ್ತು. ಈಗ ದೇವರು ಕಣ್ಣು ಬಿಟ್ಟು, ಮನೆಯ ಪಕ್ಕದ ಶಾಲೆಗೇ ವರ್ಗ ಕೊಡಿಸಿದ್ದ. ನಡುವೆ ಈ ಗೊಂಚಲು!

ಮೊದಲು ಲೆಕ್ಕದ ವಿಮಲಾ ಮೇಡಂ ಬಳಿ ಹೋದರು. ಅವರು ಗೊಂಚಲು ಕಂಡದ್ದೇ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡರು.

"ಅಯ್ಯೋ, ನಾನು ತೀರಾ ಜೂನಿಯರ್ರು ಸಾರ್."

"ಆಗಸ್ಟ್ ಹದಿನೈದಕ್ಕೆ ಮುಂದಿನ ಸಾಲಿನ ಕುರ್ಚಿ ಬೇಕು ಅಂತ ಜಗಳ ಆಡಿದ್ರಲ್ಲ, ಸೀನಿಯರ್ ಅಂತ?"

"ಅದು ಕುರ್ಚಿಗೆ ಸಾರ್. ಕೆಲಸಕ್ಕಲ್ಲ."

ಹಿಂದಿಯ ಶಹನಾಜ್ ಮೇಡಂ ಪಾಠದ ನಡುವೆ ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಆಯಾ ಬಾಲಮಣಿ ಓಡಿ ಬಂದಳು.

"ಸಾರ್, ಊಟಕ್ಕೆ ಮೊಟ್ಟೆ ಬಂದಿಲ್ಲ. ನಲ್ಲೀಲಿ ನೀರಿಲ್ಲ. ಕಾರ್ಪೊರೇಟರ್ ಕಡೆಯವ್ರು ಸೇರಿಸ್ಕೊಳ್ಳಿ ಅಂತ ಆರು ಮಕ್ಕಳನ್ನ ಕರ್ಕೊಂಡು ಬಂದು ಕೂತವ್ರೆ. ಮತ್ತೆ ಗೇಟಲ್ಲಿ ಲಾರಿ ಬಂದು ನಿಂತೈತೆ."

ಮೇಷ್ಟ್ರು ಗೇಟಿಗೆ ಓಡಿದರು. ಲಾರಿಯ ತುಂಬ ಕಾಲು ಮುರಿದ ಹಳೆಯ ಬೆಂಚುಗಳು.

"ಯಾರದ್ದಪ್ಪಾ ಇದು?"

"ಅದೇ ರಸ್ತೆ ಅಗಲ ಮಾಡ್ತಾವ್ರಲ್ಲ ಸಾರ್, ಯಾವ್ದೋ ಸ್ಕೂಲು ಒಡೀತಾವ್ರೆ. ಇಲ್ಲಿ ಇಳ್ಸು ಅಂದ್ರು. ಇದಕ್ಕೊಂದು ಸಹಿ ಹಾಕಿ," ಎಂದ ಡ್ರೈವರು.

"ಎಲ್ಲಾದ್ರೂ ಇಳ್ಸು, ನನ್ನ ಪ್ರಾಣ ತಿನ್ನಬೇಡ!" ಎಂದು ಮೇಷ್ಟ್ರು ಓದದೆಯೇ ಸಹಿ ಗೀಚಿದರು. ಬಿಸಿಲು ನೆತ್ತಿಗೇರುತ್ತಿತ್ತು. ಶ್ರಾವಣಿಗೆ "ಇವತ್ತಿಂದ ನಾನೇ ಪಾಠ ಹೇಳ್ತೀನಿ" ಎಂದು ಮಾತು ಕೊಟ್ಟು ಬಂದಿದ್ದರು.

ಆಗ ಸೀಟಿ ಊದುತ್ತ ಪಿ.ಟಿ. ಮೇಷ್ಟ್ರು ಎಲ್ಲಯ್ಯ ಮೈದಾನದಿಂದ ಬಂದರು. ಪೆಂಟಯ್ಯನವರ ತಲೆಯಲ್ಲಿ ದೀಪ ಹತ್ತಿತು.

"ಎಲ್ಲಯ್ಯಾ, ಇದನ್ನ ಒಂದು ನಿಮಿಷ ಹಿಡ್ಕೊ. ಫೋನ್ ತೆಗೀಬೇಕು."

ಎಲ್ಲಯ್ಯ ಹಿಡಿದರು. ಪೆಂಟಯ್ಯ ಫೋನ್ ತೆಗೆದರು, ಫೋಟೋನೂ ತೆಗೆದರು. "ನಮ್ಮ ಹೊಸ ಇಂಚಾರ್ಜ್ ಎಲ್ಲಯ್ಯ ಸಾರ್‌ಗೆ ಅಭಿನಂದನೆಗಳು" ಎಂದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಮೊದಲ ಹೂಗುಚ್ಛ ಕಳಿಸಿದ್ದು ವಿಮಲಾ ಮೇಡಂ. ಶಹನಾಜ್ ಮೇಡಂ ಬಾಗಿಲು ತೆರೆದು ಬಂದು ಚಪ್ಪಾಳೆ ತಟ್ಟಿದರು. ಅತಿಥಿಗಳಿಗೆಂದು ಬೀರುವಿನಲ್ಲಿಟ್ಟಿದ್ದ ಶಾಲನ್ನು ಬಾಲಮಣಿ ತಂದೇಬಿಟ್ಟಳು.

"ಏ, ಏ, ನಾನು ಒಪ್ಪಿಲ್ಲ!" ಎಂದರು ಎಲ್ಲಯ್ಯ, ಶಾಲಿನೊಳಗಿಂದ. ಅವರ ಫೋನು ಗುಂಯ್‌ಗುಟ್ಟಿತು. ನೋಡಿ ಮುಖ ಇಳಿಬಿಟ್ಟರು. "ನಮ್ಮ ಮನೇವ್ಳು ಆಗ್ಲೇ ಸ್ಟೇಟಸ್ ಹಾಕ್ಬಿಟ್ಟವ್ಳೆ. ಅವರಪ್ಪ ಫೋನ್ ಮಾಡ್ತಾವ್ರೆ. ಇನ್ನು ಬೇಡ ಅಂದ್ರೆ ಮನೆಗೆ ಹೋಗಂಗಿಲ್ಲ."

ಎಲ್ಲಯ್ಯ ಅಳುಮುಖದಲ್ಲೇ ಸಹಿ ಹಾಕಿದರು. ಪೆಂಟಯ್ಯ ಹಿಂದಿರುಗಿ ನೋಡದೆ ಓಡಿದರು. ಬಸ್ಸಿನಲ್ಲಿ ಮಗಳಿಗೆ ಫೋನ್ ಮಾಡಿದರು.

"ಪುಸ್ತಕ ತೆಗೆದಿಟ್ಕೊ ತಾಯೀ. ಇವತ್ತು ಬೆಳಕಿನ ಪಾಠ."

"ಖಂಡಿತಾ ಬರ್ತೀಯಾ ಅಪ್ಪಾ?"

"ನನ್ನಾಣೆ."

ಇಳಿಹೊತ್ತಿಗೆ ಗಾಜುಲಗೂಡೆಂ ಶಾಲೆ ಮುಟ್ಟಿದರು. ಗೇಟು ಇರಲಿಲ್ಲ. ಗೇಟಿನ ಹಿಂದೆ ಇರಬೇಕಾದ ಗೋಡೆಯೂ ಇರಲಿಲ್ಲ. ಆ ಗೋಡೆಗೆ ರಸ್ತೆ ಅಗಲೀಕರಣದ ಕೆಂಪು ಗುರುತು ಬಿದ್ದು ವರ್ಷಗಳೇ ಆಗಿದ್ದವು. ಗುರುತು ಪೆಂಟಯ್ಯನವರ ಮನೆಗೂ ಬಿದ್ದಿತ್ತು, ಬೀದಿಯವರೆಲ್ಲ ಅದನ್ನು ಮರೆತಿದ್ದರು. ಈಗ ಜೆಸಿಬಿಯೊಂದು ನಿಧಾನವಾಗಿ ಎಂಟನೆಯ ತರಗತಿಯನ್ನು ಅಗಿಯುತ್ತಿತ್ತು. ಬೇವಿನ ಮರದ ಕೆಳಗೆ, ಕೊರಳಲ್ಲಿ ಹಾರ ಹಾಕಿಕೊಂಡು ಹೆಡ್‌ಮಾಸ್ತರು ರಾಜಲಿಂಗಂ ಕೂತಿದ್ದರು.

"ಬನ್ನಿ ಪೆಂಟಯ್ಯನೋರೇ! ನಿಮ್ಮ ದಾರೀನೇ ಕಾಯ್ತಿದ್ದೆ. ಮೊದ್ಲು ಸಹಿ ಹಾಕಿ." ಮೇಷ್ಟ್ರು ಹಾಕಿದರು. ಸದ್ಯ, ಸಂಜೆಯೊಳಗೆ ಸೇರಿದ್ದಾಯಿತು.

"ಸಾರ್, ಸ್ಕೂಲು...?"

"ಹೊಸ ಕಟ್ಟಡ ಆಗೋವರೆಗೆ ಬೇರೆ ಕಡೆ ನಡೆಯುತ್ತೆ. ಮಕ್ಕಳಿಗೆ ಬಸ್ ಬಿಟ್ಟಿದಾರೆ. ಮಧ್ಯಾಹ್ನ ಶುರುವಾಗಿ ರಾತ್ರಿವರೆಗೆ, ಎರಡನೇ ಪಾಳಿ. ತುಮ್ಮಲಕುಂಟೆ ಹೈಸ್ಕೂಲಲ್ಲಿ."

ಪೆಂಟಯ್ಯ ಈಗಷ್ಟೇ ಬಂದ ದಾರಿಯ ಕಡೆಗೆ ತಿರುಗಿ ನೋಡಿದರು.

"ಅಲ್ಲಿಯವರು ಜಾಗ ಕೊಡಲ್ಲ ಅಂತಿದ್ರು. ಬೆಳಿಗ್ಗೆ ಬೆಂಚು ಕಳಿಸಿದ್ವಿ ನೋಡಿ, ಯಾರೋ ಪುಣ್ಯಾತ್ಮ ಓದದೇನೇ ಒಪ್ಪಿಗೆಗೆ ಸಹಿ ಹಾಕಿ ಕಳಿಸಿಬಿಟ್ಟ!" ರಾಜಲಿಂಗಂ ನಕ್ಕು, ಕೊರಳಿನ ಹಾರ ತೆಗೆದು ಕುರ್ಚಿಗೆ ಹಾಕಿದರು. "ಇವತ್ತು ನನ್ನ ರಿಟೈರ್‌ಮೆಂಟು. ಇಲ್ಲಿ ನಿಮಗಿಂತ ಸೀನಿಯರ್ ಯಾರೂ ಇಲ್ಲ."

ಕೈಯೊಳಗೆ ತಣ್ಣಗೆ ಏನೋ ಕೂತಿತು. ನೋಡಿದರೆ, ಬಾಗಿಲುಗಳೇ ಇಲ್ಲದ ಶಾಲೆಯ ಬೀಗದ ಗೊಂಚಲು.

ಫೋನು ಹೊಡೆದುಕೊಂಡಿತು. ಮಗಳೆಂದು ಹೆದರಿ ತೆಗೆದರು. ಎಲ್ಲಯ್ಯ.

"ಸಾರ್, ಸುದ್ದಿ ಗೊತ್ತಾಯ್ತಾ? ನಾಳೆಯಿಂದ ಇಲ್ಲಿ ಎರಡನೇ ಪಾಳಿಯಂತೆ. ಅದಕ್ಕೆ ಯಾರೋ ಹೊಸ ಇಂಚಾರ್ಜ್ ಬರ್ತಾವ್ನಂತೆ, ಪಾಪ. ಶಾಲು ಮಡಚಿಟ್ಟಿದೀನಿ ಸಾರ್. ಬಂದ ತಕ್ಷಣ ಹೊದಿಸ್ತೀನಿ."