ಮನೆ ನೋಡಲು ಹೊರಟ ಸೋದರತ್ತೆ

ನಮ್ಮ ಸೋದರತ್ತೆಯನ್ನು ಮದುವೆಯಾಗುವ ಯೋಗ್ಯತೆಯಿರುವ ಗಂಡಸು ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ! ಇದು ನನ್ನ ಅಭಿಪ್ರಾಯವಲ್ಲ, ಸ್ವತಃ ಅವಳದೇ ತೀರ್ಪು. ಈಗ ಅವಳಿಗೆ ಅರವತ್ತು ದಾಟಿದೆ. ಇನ್ನು ಮೇಲೆ ಹುಟ್ಟಿದರೂ ಪ್ರಯೋಜನವಿಲ್ಲ ಎಂದು ಅವಳಿಗೆ ಯಾರಾದರೂ ತಿಳಿಸಿ ಹೇಳಬೇಕು. ನನಗಂತೂ ಅಷ್ಟು ಧೈರ್ಯವಿಲ್ಲ.

ಅಪ್ಪನ ಒಬ್ಬಳೇ ತಂಗಿ ಇವಳು. ಕೊಳ್ಳೇಗಾಲದ ನಮ್ಮ ತವರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ಗೂಡು ಕೊಳ್ಳುವ ಮೊದಲು ಒಂದೆರಡನ್ನು ಕೈಗೆತ್ತಿಕೊಂಡು ಒತ್ತಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಸದ್ದು ಮಾಡುತ್ತದೋ ಇಲ್ಲವೋ ಎಂದು ಆಲಿಸುವುದು ರೂಢಿ. ಅತ್ತೆ ಇದರಲ್ಲಿ ಪಳಗಿದ ಕೈ. ಗೂಡಿನ ಮಟ್ಟಿಗೆ ಸರಿ, ಒಪ್ಪೋಣ. ಆದರೆ ಮದುವೆಗೆ ಬಂದ ಗಂಡಸರನ್ನೂ ಹಾಗೇ ಹಿಡಿದು ಅಲ್ಲಾಡಿಸುತ್ತೇನೆಂದರೆ? ಯಾವ ಗಂಡಸು ತಾನೇ ಸುಮ್ಮನೆ ಅಲ್ಲಾಡಿಸಿಕೊಂಡಾನು?

ನಮ್ಮ ಕಡೆ ಒಂದು ಪದ್ಧತಿಯಿದೆ. ಗಂಡಿನವರು ಬಂದು ಹುಡುಗಿಯನ್ನು ಒಪ್ಪಿದ ಮೇಲೆ, ಹುಡುಗಿಯ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ನೋಡುವುದೆಲ್ಲ ಬರೀ ಹೆಸರಿಗೆ. ಜಗಲಿಯಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಾ ಜಮೀನೆಷ್ಟು, ತೆಂಗಿನ ಮರ ಎಷ್ಟು, ಎತ್ತು ಎಷ್ಟು ಎಂದು ವಿಚಾರಿಸಿ, ಪಾಯಸದ ಊಟ ಮುಗಿಸಿ, "ಮನೆ ಚೆನ್ನಾಗದೆ" ಎಂದು ಎದ್ದು ಬರುತ್ತಾರೆ. ಆ ಮನೆಯಲ್ಲಿ ಬದುಕಬೇಕಾದ ಹುಡುಗಿ ಮಾತ್ರ ಹೋಗುವ ಹಾಗಿಲ್ಲ. ಶತಮಾನಗಳಿಂದ ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ನಮ್ಮತ್ತೆಗೆ ಕಂಡಿತು!

ಮೊದಲ ಸಂಬಂಧ ರಾಮಾಪುರದ್ದು. ಮನೆ ನೋಡಲು ಹೊರಟ ಹಿರಿಯರು ಬಸ್ಸು ಹತ್ತಿದರೆ, ಮುಂದಿನ ಸೀಟಿನಲ್ಲಿ ಹುಡುಗಿಯೇ ಕೂತಿದ್ದಾಳೆ! ಅಜ್ಜ ಗದರಿದರಂತೆ. ಇವಳು ಜಗ್ಗಲಿಲ್ಲ.

"ನಾನ್ ಬಾಳೋಕ್ ಓಗೋ ಮನೇನ ನಾನ್ ನೋಡ್ಬಾರ್ದು, ನೀವ್ ಪಾಯ್ಸ ಕುಡ್ದು ಬತ್ತೀರಾ? ಚೆನ್ನಾಗದೆ ಕಣಪ್ಪ ನಿಮ್ ನ್ಯಾಯ!"

ಅಲ್ಲಿ ಹಿರಿಯರು ಜಗಲಿಯಲ್ಲಿ ಕೂತು ಎತ್ತು ಎಣಿಸುತ್ತಿದ್ದಾಗ ಇವಳು ಹಿತ್ತಲಿಗೆ ನಡೆದಳು. ಖಾಲಿ ಕೊಡಗಳನ್ನು ನೋಡಿದಳು. ಬಾವಿ ಎಷ್ಟು ದೂರ ಎಂದು ಅಳೆದಳು. ಆಮೇಲೆ ಗಂಡನ್ನೇ ಕರೆದು, "ನೀರ್ ಯಾರ್ ತರೋದು?" ಎಂದಳು. ಆ ಪುಣ್ಯಾತ್ಮ ಹೆಮ್ಮೆಯಿಂದ, "ಇಷ್ಟ್ ದಿನ ಅವ್ವ, ಇನ್ಮೇಲೆ ನೀನು" ಎಂದ. ಸಂಬಂಧ ಅಲ್ಲಿಗೇ ಮುರಿಯಿತು. ಅಜ್ಜ ಮಾತ್ರ ಎಲೆ ಮುಂದೆ ಕೂತಾಗಿದ್ದರಿಂದ ಪಾಯಸ ಮುಗಿಸಿಕೊಂಡೇ ಎದ್ದರಂತೆ.

ಎರಡನೆಯವನು ಯಳಂದೂರಿನ ಮೇಷ್ಟ್ರು. ಈ ಸಲ ಹಿರಿಯರು ಬುದ್ಧಿವಂತರಾಗಿ ಇವಳನ್ನು ಒಳಗೆ ಕೂಡಿ ಬೀಗ ಹಾಕಿ ಹೋದರು. ಆದರೆ ಇವಳು ಹಿಂದಿನ ದಿನವೇ ಹೋಗಿ ಬಂದಾಗಿತ್ತು! ಮೇಷ್ಟ್ರ ಮನೆಯೆದುರಿನ ಅಂಗಡಿಯಲ್ಲಿ ಕಡ್ಲೆಪುರಿ ತಿನ್ನುತ್ತಾ ಒಂದು ಗಂಟೆ ಅವರನ್ನು ಗಮನಿಸಿದ್ದಳು. ಆ ಒಂದು ಗಂಟೆಯಲ್ಲಿ ಮೇಷ್ಟ್ರು ಜೇಬಿನಿಂದ ಬಾಚಣಿಗೆ ತೆಗೆದು ಹನ್ನೊಂದು ಸಲ ತಲೆ ಬಾಚಿಕೊಂಡರಂತೆ.

"ಇವ್ನ ಕ್ರಾಪು ನೋಡ್ಕಳೋದ್ರಲ್ಲೇ ಆಯಸ್ಸು ಮುಗೀತದೆ. ನನ್ ಮಖ ಯಾವಾಗ ನೋಡ್ತಾನೆ?" ಎಂದಳು. ನೀವೇ ಹೇಳಿ, ಇದೂ ಒಂದು ಕಾರಣವೇ? ಈಗ ಆ ಮೇಷ್ಟ್ರ ತಲೆಯಲ್ಲಿ ಒಂದು ಕೂದಲೂ ಇಲ್ಲ. ಸ್ವಲ್ಪ ಕಾದಿದ್ದರೆ ಎಲ್ಲ ಸರಿಹೋಗುತ್ತಿತ್ತು!

ಮೂರನೆಯದು ಹನೂರಿನದು. ಇವನಲ್ಲಿ ಹುಡುಕಿದರೂ ಕುಂದಿಲ್ಲ. ನಲ್ಲಿ ಮನೆಯೊಳಗೇ ಇತ್ತು, ತಲೆ ಬಾಚುವ ಚಟವಿಲ್ಲ, ಮಾತು ಬೆಣ್ಣೆಯಂಥದ್ದು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಅತ್ತೆ ಎದ್ದು ನಿಂತು ಬೇಡ ಎಂದಳು. ಯಾಕೆ? ಆ ಹುಡುಗ ಜಗಲಿಗೆ ಬಂದ ಕೂಡಲೇ ಅವನದೇ ಮನೆಯ ನಾಯಿ ಬಾಲ ಮುದುರಿಕೊಂಡು ಬೀದಿಗೆ ಓಡಿತಂತೆ!

ಮದುವೆಗೆ ಜಾತಕ ಕೇಳುವವರಿದ್ದಾರೆ, ಶಕುನ ಕೇಳುವವರಿದ್ದಾರೆ. ನಾಯಿಯ ಅಭಿಪ್ರಾಯ ಕೇಳಿ ಗಂಡನ್ನು ಬಿಟ್ಟವಳು ಭೂಮಂಡಲದಲ್ಲಿ ಇವಳೊಬ್ಬಳೇ ಇರಬೇಕು. ಅಲ್ಲಿಂದ ಮುಂದೆ ಅವಳಿಗಾಗಿ ಯಾವ ದಲ್ಲಾಳಿಯೂ ನಮ್ಮ ಬೀದಿಗೆ ಕಾಲಿಡಲಿಲ್ಲ. ಅತ್ತೆ ನೂಲು ಬಿಚ್ಚುತ್ತಾ ಉಳಿದುಬಿಟ್ಟಳು.

ನಾನು ಇವಳನ್ನು ನೋಡಿ ಬುದ್ಧಿ ಕಲಿತವಳು. ಇಪ್ಪತ್ತೆರಡಕ್ಕೆ, ನನ್ನನ್ನು ನೋಡಲು ಬಂದ ಮೊಟ್ಟಮೊದಲ ಗಂಡನ್ನೇ ಒಪ್ಪಿಕೊಂಡೆ. ಒಂದೇ ಲೋಟ ಕಾಫಿಯಲ್ಲಿ ಕೆಲಸ ಮುಗಿಯಿತು! ಧನಗೆರೆಯ ಹುಡುಗ, ಒಂದಿಷ್ಟು ಗದ್ದೆ, ಎರಡು ಹಸು. ಆ ದಿನ ಅವರು ನನ್ನ ಮುಖ ನೋಡಿದ್ದಕ್ಕಿಂತ ಅಡುಗೆಮನೆ ಬಾಗಿಲ ಕಡೆ ಗಾಬರಿಯಿಂದ ನೋಡಿದ್ದೇ ಹೆಚ್ಚು. ನಾಚಿಕೆ ಸ್ವಭಾವ ಎಂದುಕೊಂಡೆ. ಮನೆ ನೋಡಲು ಹೋದವರ ಟೆಂಪೋದಲ್ಲಿ ಅತ್ತೆಯೂ ಹತ್ತಿದ್ದಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾದರೆ, ಬಂದವಳು, "ಸರಿಯದೆ, ಮಾಡಿ" ಎಂದಳು! ಕುಂದು ಹುಡುಕಿ ಹುಡುಕಿ ಸುಸ್ತಾಗಿದ್ದಾಳೆ ಎಂದು ನಾವೆಲ್ಲ ನಕ್ಕೆವು.

ಇಪ್ಪತ್ತೈದು ವರ್ಷದಿಂದ ಈ ಗೆಲುವನ್ನು ನಾನು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಲೇ ಬಂದಿದ್ದೇನೆ. ನಮ್ಮೆಜಮಾನರು ಬೆಳಗ್ಗೆ ನನಗಿಂತ ಮೊದಲು ಎದ್ದು ಹಂಡೆಗೆ ನೀರು ತುಂಬುತ್ತಾರೆ. ಬಾಚಣಿಗೆ ಮನೆಯಲ್ಲಿ ಎಲ್ಲಿದೆಯೆಂದೇ ಅವರಿಗೆ ಗೊತ್ತಿಲ್ಲ. ಅವರು ಹಿತ್ತಲಿಗೆ ಹೊರಟರೆ ಕರು, ನಾಯಿ, ಕೋಳಿ ಎಲ್ಲ ಹಿಂದೆ ಮೆರವಣಿಗೆ ಹೊರಡುತ್ತವೆ. "ನೋಡಿ, ಆರಿಸಿದವಳು ಒಂಟಿ ಕೂತಳು, ಸಿಕ್ಕಿದ್ದನ್ನು ಒಪ್ಪಿದ ನನಗೆ ಬಂಗಾರ ಸಿಕ್ಕಿತು. ಎಲ್ಲ ಹಣೆಬರಹ!" ಎಂದು ಅತ್ತೆಗೆ ಕೇಳಿಸುವಂತೆಯೇ ಹೇಳುತ್ತಿದ್ದೆ. ಅವಳು ಒಂದು ದಿನವೂ ತಿರುಗಿ ಮಾತಾಡಿದ್ದಿಲ್ಲ.

ಈಗ ನನ್ನ ಮಗಳಿಗೆ ಹೊನ್ನೂರಿನಿಂದ ಸಂಬಂಧ ಬಂತು. ಭತ್ತದ ಗದ್ದೆ, ತೆಂಗಿನ ತೋಟ, ಹುಡುಗನಿಗೆ ಹಾಲಿನ ಡೈರಿಯಲ್ಲಿ ಕೆಲಸ. ಇನ್ನೇನು ಬೇಕು? ಮಗಳು, "ವಸಿ ತಡ್ಯವ್ವ, ಅವ್ನು ಎಂಥೋನು ಅಂತ ನಂಗೊತ್ತಿಲ್ಲ" ಎಂದು ರಾಗ ಎಳೆದಳು. "ನಿಮ್ಮಪ್ಪ ಎಂಥೋರು ಅಂತ ನಂಗೇನ್ ಗೊತ್ತಿತ್ತಾ?" ಎಂದು ಬಾಯಿ ಮುಚ್ಚಿಸಿದೆ. ಕಳೆದ ಭಾನುವಾರ ನಾನೂ ನಮ್ಮೆಜಮಾನರೂ ಇಬ್ಬರೇ ಹೋಗಿ ಮನೆ ನೋಡಿ, ಮಾತು ಮುಗಿಸಿ ಬರುವುದೆಂದು ಬಾಡಿಗೆ ಕಾರಿನಲ್ಲಿ ಹೊರಟೆವು. ಅತ್ತೆಯ ಕಿವಿಗೆ ಬೀಳದಂತೆ ಎಷ್ಟು ಎಚ್ಚರ ವಹಿಸಿದ್ದೆ ಗೊತ್ತೇ! ತವರಿನಲ್ಲಿರುವ ಅಣ್ಣನಿಗೂ ಹೇಳಿರಲಿಲ್ಲ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರ ಕಾರು ನಿಧಾನವಾಯಿತು. ನೋಡಿದರೆ ರಸ್ತೆಯ ಮಧ್ಯೆ ಅತ್ತೆ ಕೈಯಡ್ಡ ಹಾಕಿ ನಿಂತಿದ್ದಾಳೆ, ಇಸ್ತ್ರಿ ಮಾಡಿದ ಸೀರೆ, ಬಗಲಲ್ಲಿ ಬ್ಯಾಗು!

"ನಿಂಗ್ಯಾರ್ ಹೇಳುದ್ರು?" ಎಂದು ಕಿರುಚಿದೆ.

"ನಿನ್ ಮಗ್ಳೇ ಪೋನ್ ಮಾಡುದ್ಲು ಕಣಮ್ಮಿ. ಅಜ್ಜಿ, ನೀನ್ ಓಗಿ ನೋಡ್ಕ ಬಾ ಅಂದ್ಲು. ಆ ಕಡೆ ಸರಿ, ಕೂತ್ಕತೀನಿ."

ನನಗೆ ಮೈಯೆಲ್ಲ ಉರಿಯಿತು. ಇವಳು ಕಾರು ಹತ್ತಿದರೆ ಈ ಸಂಬಂಧದ ಕಥೆ ಮುಗಿದ ಹಾಗೇ! ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಆಡಬಾರದ ಮಾತನ್ನು ಆಡಿಯೇಬಿಟ್ಟೆ.

"ಜಲ್ಮದಲ್ಲಿ ಒಬ್ಬನ್ನಾದ್ರೂ ಒಪ್ಪಿದ್ದೀಯಾ ನೀನು? ನೀನು ಒಂಟಿ ಕೂತಿದ್ದು ಸಾಲ್ದಾ? ನನ್ ಮಗ್ಳೂ ಹಂಗೇ ಕೂರ್ಬೇಕಾ?"

ಅತ್ತೆ ಬಾಗಿಲಿನಿಂದ ಕೈ ತೆಗೆದಳು. ಬ್ಯಾಗನ್ನು ಒಂದು ಬಗಲಿನಿಂದ ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡಳು.

ಮುಂದಿನ ಸೀಟಿನಲ್ಲಿದ್ದ ನಮ್ಮೆಜಮಾನರು ಹಿಂದೆ ತಿರುಗಿದರು. "ಒಬ್ಬನ್ನ ಒಪ್ಪವ್ರೆ ಕಣೆ."

"ಯಾರನ್ನ?"

"ನನ್ನ."

"ಏಯ್, ಸುಮ್ನಿರಪ್ಪ ನೀನು!" ಎಂದು ಅತ್ತೆ ಹೊರಗಿನಿಂದಲೇ ಗದರಿದಳು. ಅವರು ಸುಮ್ಮನಾಗಲಿಲ್ಲ.

"ನಾನು ನಿನ್ನ ನೋಡೋಕ್ ಬರೋಕ್ ಮುಂಚೇನೇ ಇವ್ರು ಮೂರ್ ಸಲ ಧನಗೆರೆಗೆ ಬಂದಿದ್ರು. ಒಂದ್ ದಿನ ನಲ್ಲಿ ತಾವ ನಿಂತಿದ್ರು. ಇನ್ನೊಂದ್ ದಿನ ಟೀ ಅಂಗ್ಡೀಲಿ ಮದ್ಯಾನದ ಗಂಟ ಕೂತಿದ್ರು. ಮೂರನೇ ದಿನ ಸೀದಾ ಕೊಟ್ಟಿಗೆಗೇ ಬಂದು, ಕರು ಕೊಡ್ತೀಯಾ ಅಂದ್ರು. ದನದ ಯಾಪಾರದೋರು ಅನ್ಕಂಡು ನಾನು ಕರೂನ ಹಲ್ಲು, ಮೈಮೇಲಿನ ಸುಳಿ ಎಲ್ಲಾ ತೋರುಸ್ದೆ. ಇವ್ರು ಕರೂನ ಕಡೆ ತಿರುಗೂ ನೋಡ್ನಿಲ್ಲ, ನನ್ನೇ ನೋಡ್ತಿದ್ರು! ಆಮೇಲೆ ನಿಮ್ಮನೇಗ್ ಬಂದ್ರೆ ಅಡ್ಗೆಮನೆ ಬಾಗ್ಲಲ್ಲಿ ಅದೇ ಯಾಪಾರದೋರು! ನಂಗೆ ಎದೆ ಝಲ್ ಅಂತು."

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಬ್ಯಾಡ ಅಂದಿದ್ರು. ತಾನೇ ಒಪ್ಕಂಡೆ ಅನ್ನೋ ಸಂತೋಸ ನಮ್ ಮಗೀಗೆ ಇರ್ಲಿ ಅಂದಿದ್ರು."

ಹಿಂದೆ ಬಸ್ಸೊಂದು ಹಾರನ್ ಬಾರಿಸುತ್ತಿತ್ತು. ನಾನು ತಡವರಿಸುತ್ತಾ, "ಮೊದಲು ಬಂದೋರೇ ಇಂಥೋರು ಸಿಕ್ಕುದ್ರಲ್ಲ ಅಂತ ನಾನು..." ಎಂದೆ.

ಅತ್ತೆಗೆ ಅದು ತಡೆಯಲಾಗಲಿಲ್ಲ. "ಮೊದ್ಲು ಬಂದೋನಂತೆ, ಮೊದ್ಲು! ಇವ್ನಿಗಿಂತ ಮುಂಚೆ ಆರ್ ಸಂಬಂದ ಬಂದಿದ್ವು ಕಣಮ್ಮಿ. ಒಂದೊಂದೂರ್ಗೂ ಓಗಿ ನೋಡ್ಕ ಬಂದು, ನಿಂಗ್ ಕಾಣ್ದಂಗೆ ಬೀದಿಯಿಂದ್ಲೇ ಕಳ್ಸಿದ್ದೆ."

ನನ್ನ ಹಣೆಬರಹ ಎಂದು ಇಪ್ಪತ್ತೈದು ವರ್ಷ ಯಾವುದನ್ನು ಕರೆಯುತ್ತಿದ್ದೆನೋ, ಅದು ಅತ್ತೆ ಬಸ್ಸಿನಲ್ಲಿ ಊರೂರು ಅಲೆದು, ಟೀ ಅಂಗಡಿಯಲ್ಲಿ ಕಾದು, ಕೊಟ್ಟಿಗೆಯಲ್ಲಿ ನಿಂತು ನನಗಾಗಿ ಆರಿಸಿ ತಂದದ್ದು. ಅದನ್ನು ಆರಿಸಿದವಳು ಬಿಸಿಲಿನಲ್ಲಿ ರಸ್ತೆಯ ಮಧ್ಯೆ ನಿಂತಿದ್ದಳು, ಮತ್ತು ಕಾರಿನ ಬಾಗಿಲು ನನ್ನ ಕೈಯಲ್ಲಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ನಮ್ಮೆಜಮಾನರು ಇಳಿದು ಮುಂದಿನ ಸೀಟನ್ನು ಅವಳಿಗೆ ಬಿಟ್ಟು, ನನ್ನ ಪಕ್ಕ ಬಂದು ಕೂತರು. ನಾನು ಮಗಳಿಗೆ ಫೋನು ಮಾಡಿದೆ. "ಬೇಗ ರೆಡಿಯಾಗು. ಗಾಡಿ ವಾಪಸ್ ತಿರುಗುಸ್ತಾ ಇದ್ದೀವಿ, ನೀನೂ ಬರ್ಬೇಕು ಮನೆ ನೋಡೋಕೆ." ಆ ಕಡೆಯಿಂದ ಅವಳು, "ಅಜ್ಜಿ ಸಿಕ್ಕುದ್ಲಾ?" ಎಂದಳು. ಸಿಕ್ಕಳು ಎಂದೆ.

ಕಾರು ಧನಗೆರೆಯ ಕಡೆ ತಿರುಗಿತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ರಸ್ತೆಯನ್ನೇ ನೋಡುತ್ತಾ ಕೇಳಿದಳು:

"ಹೊನ್ನೂರ್ನೋರ ಮನೇಲಿ ನಾಯಿ ಅದಾ?"

"ಎರಡವಂತೆ ಅತ್ತೆ," ಎಂದೆ, ಹಿಂದಿನಿಂದಲೇ ಅವಳ ಭುಜದ ಮೇಲೆ ಕೈಯಿಟ್ಟು. "ಎರಡನ್ನೂ ಕೇಳುವಿಯಂತೆ ಬಾ."