ನಮ್ಮ ಪಾರ್ಸೆಲ್ ಡಬ್ಬಿ

ಇದ್ದದ್ದನ್ನು ಇದ್ದ ಹಾಗೆಯೇ ಮಾಡುತ್ತೇನೆಂದು ಹೊರಟವನಿಗೆ ಮನೆಯವರಿಂದ ಹಿಡಿದು ನೆರೆಯವರ ತನಕ ಎಲ್ಲರೂ ಪರೀಕ್ಷಕರೇ. ನಾನು ಮಂಗಳೂರು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತಿಯ ಮೇಲೆ ಅತ್ತಾವರದ ಮನೆಯಲ್ಲಿ ಕೂತು ರಟ್ಟಿನಲ್ಲಿ ಅಂಗೈಯುದ್ದದ ಡಬ್ಬಿಗಳ ಪುಟ್ಟ ರೈಲು ಕಟ್ಟುತ್ತಿದ್ದೇನೆ. ಎಂಜಿನ್, ಪ್ರಯಾಣಿಕರ ಡಬ್ಬಿಗಳು ಸುಲಭದಲ್ಲಿ ಆದವು. ಉಳಿದದ್ದು ನಮ್ಮ ಹಳೆಯ ಪಾರ್ಸೆಲ್ ಡಬ್ಬಿ. ನಿಜವಾದದ್ದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದರಲ್ಲೇ ಓಡಾಡಿದ ನನ್ನ ಗೆಳೆಯ ಗಾರ್ಡ್ ನೋಡಿ, ಇದು ನಮ್ಮದೇ ಎನ್ನಬೇಕು. ನನಗಿದ್ದದ್ದು ಅದೊಂದೇ ಆಸೆ.

ಒಂದೇ ಫೋಟೊ

ಎಂಜಿನ್ನಿನ ಫೋಟೊ ಎಲ್ಲರೂ ತೆಗೆಯುತ್ತಾರೆ, ಪಾರ್ಸೆಲ್ ಡಬ್ಬಿಯದ್ದು ಯಾರಿಗೂ ಬೇಡ. ಹಳೆಯ ಆಲ್ಬಂ ಜಾಲಾಡಿದಾಗ ಒಂದು ಸಿಕ್ಕಿತು. ಮದುವೆಯಾದ ಹೊಸತರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ತೆಗೆಸಿದ್ದು. ಹಿಂದೆ ಡಬ್ಬಿ ಇದೆ, ಆದರೆ ಬಾಗಿಲಿನ ಕೊಂಡಿ ಇರಬೇಕಾದ ಜಾಗಕ್ಕೆ ಸರಿಯಾಗಿ ಹೆಂಡತಿ ನಿಂತಿದ್ದಾಳೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದೆ. ಅವಳು ಖುಷಿಯಲ್ಲಿ ಚಹಾ ತಂದಿಟ್ಟು, "ಆಗ ನಾನು ಚಂದ ಇದ್ದೆ ಅಲ್ವಾ?" ಎಂದಳು.

"ನೀನು ಸ್ವಲ್ಪ ಆಚೆ ನಿಂತಿದ್ರೆ ಕೊಂಡಿ ಕಾಣ್ತಿತ್ತು," ಎಂದೆ.

ಚಹಾ ವಾಪಸ್ ಹೋಯಿತು.

ನಾಯಿಗೂಡು

ಆ ಡಬ್ಬಿಯ ಒಂದು ಮೂಲೆಯಲ್ಲಿ ಪ್ರಯಾಣಿಕರ ನಾಯಿಗಳಿಗೆಂದು ಒಂದು ಪುಟ್ಟ ಗೂಡಿತ್ತು. ನನ್ನ ರಟ್ಟಿನ ಡಬ್ಬಿಯಲ್ಲೂ ಅದನ್ನು ಮಾಡಿದ್ದೆ. ಗಾರ್ಡ್ ತೊಕ್ಕೊಟ್ಟಿನಿಂದ ಬಸ್ಸು ಹತ್ತಿ ಬಂದವನೇ ಅದರ ಮೇಲೆ ಬೆರಳಿಟ್ಟ. "ಎಂತ ಮಾರಾಯ, ಎಡಗಡೆ ಮಾಡಿದ್ದೀಯಾ? ಅದು ಬಲಗಡೆ ಇದ್ದದ್ದು."

ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಊಟ ತಣ್ಣಗಾಯಿತು. ಕೊನೆಗೆ ಹೆಂಡತಿಯೇ, "ನೀವಿಬ್ರೂ ಎಲ್ಲಿ ನಿಂತು ನೋಡಿದ್ದು?" ಎಂದು ಕೇಳಿದಳು. ನಾನು ನೋಡಿದ್ದು ಪ್ಲಾಟ್‌ಫಾರ್ಮಿನಿಂದ, ಅವನು ಡಬ್ಬಿಯ ಒಳಗಿಂದ. ಇಬ್ಬರದ್ದೂ ಸರಿಯೇ. ನೌಕರಿಯುದ್ದಕ್ಕೂ ಒಂದೇ ಬಾಗಿಲಿನ ಆಚೆ ಈಚೆ ನಿಂತಿದ್ದೆವಲ್ಲ ಎಂದು ನೆನೆದು ನಕ್ಕೆವು.

ಹೊರಡುವಾಗ ಮಾತ್ರ ಅವನು, "ಎಲ್ಲ ಉಂಟು. ಆದ್ರೂ ನಮ್ಮ ಡಬ್ಬಿ ಅಂತ ಅನಿಸುವುದಿಲ್ಲ," ಎಂದ. ಬೇಸರದಿಂದ ಎರಡು ದಿನ ಅಂಟಿನ ಬಾಟಲಿ ಮುಟ್ಟಲಿಲ್ಲ.

ಡೆಲಿವರಿ

ಕುದ್ರೋಳಿಯ ಬ್ಯಾರಿ ಸಾಹುಕಾರರೊಬ್ಬರು ಆ ಕಾಲದಲ್ಲಿ ಐಸ್ ಹಾಕಿದ ಮೀನಿನ ಬುಟ್ಟಿಗಳನ್ನು ಅದೇ ಡಬ್ಬಿಯಲ್ಲಿ ಕಳಿಸುತ್ತಿದ್ದರು. ಅವರನ್ನೂ ಕರೆದು ತೋರಿಸಿದೆ.

"ಇದು ಆಸ್ಪತ್ರೆಯ ಕಪಾಟಿನ ಹಾಗೆ ಉಂಟು ಮಾರಾಯ್ರೇ," ಎಂದರು. "ನಮ್ಮ ಡಬ್ಬಿ ಯಾವಾಗ ಇಷ್ಟು ಕ್ಲೀನ್ ಇತ್ತು? ಬಾಗಿಲಿನ ಕೆಳಗೆ ನೀರು ಸೋರಿದ ಕಲೆ ಬೇಕು. ಮತ್ತೆ ವಾಸನೆ? ಅದಿಲ್ಲದೆ ಎಂತ ಡಬ್ಬಿ?"

ಕಲೆ ಬಳಿದೆ. ಅವರೇ ಕಳಿಸಿದ ಒಣ ಸಿಗಡಿಯನ್ನು ಒಂದು ಚಿಟಿಕೆ ಒಳಗಿಟ್ಟೆ. ಗಾರ್ಡನ್ನು ಮತ್ತೆ ಕರೆಸಿ, ರೈಲನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ.

ಅವನು ಕನ್ನಡಕ ಹಾಕುವ ಮೊದಲೇ ಪಕ್ಕದ ಮನೆಯ ಬೆಕ್ಕು ಬಂತು. ಎಂಜಿನ್ನನ್ನು ತಿರುಗಿಯೂ ನೋಡಲಿಲ್ಲ. ಪ್ರಯಾಣಿಕರ ಡಬ್ಬಿಗಳನ್ನೆಲ್ಲ ದಾಟಿ ನೇರ ಪಾರ್ಸೆಲ್ ಬಾಗಿಲಿನ ಎದುರು ಕೂತಿತು. ನಮ್ಮ ಸ್ಟೇಷನ್ನಿನ ಬೆಕ್ಕುಗಳೂ ಹಾಗೆಯೇ, ರೈಲು ನಿಲ್ಲುವ ಮೊದಲೇ ಆ ಡಬ್ಬಿ ನಿಲ್ಲುವ ಜಾಗದಲ್ಲಿ ಕಾದು ಕೂತಿರುತ್ತಿದ್ದವು.

ಗಾರ್ಡ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಈಗ ಹೌದು ಮಾರಾಯ. ಇದು ನಮ್ಮದೇ ಡಬ್ಬಿ."

ನನ್ನ ಕಣ್ಣೂ ತುಂಬಿತು. ನಾನು ಕಣ್ಣೊರೆಸಿ ನೋಡುವಷ್ಟರಲ್ಲಿ ಬೆಕ್ಕು, ರಸೀದಿ ತೋರಿಸದೆ, ಡಬ್ಬಿಯ ಸಮೇತ ಪಾರ್ಸೆಲ್ ಬಿಡಿಸಿಕೊಂಡು ಕಾಂಪೌಂಡ್ ಹಾರಿತ್ತು.