ರುಕಿಯೆ ಅಕ್ಕನ ತಟ್ಟೆ

ಬೆಳಿಗ್ಗೆ ಎಂಟಕ್ಕೆ ಸೆಜಾಯಿ ವ್ಯಾನಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಸಮುದ್ರವಲ್ಲ, ನೀಲಿ ಅಂಚಿನ ಒಂದು ತಟ್ಟೆ. ಅದರ ತುಂಬ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಸುರುಳಿಗಳು. ಹಿಡಿದು ನಿಂತಿದ್ದವಳು ಹಿಂದಿನ ಸಂಜೆಯಷ್ಟೇ ಪಕ್ಕದಲ್ಲಿ ಬಿಡಾರ ಹೂಡಿದ್ದ ಕೈಸೇರಿ ಊರಿನ ರುಕಿಯೆ, ನಿವೃತ್ತ ಶಾಲಾ ಶಿಕ್ಷಕಿ.

"ನಿದ್ದೆ ಕೆಡಿಸಿದ್ನಾ ತಮ್ಮಾ? ಬಿಸಿ ಇರುವಾಗ್ಲೇ ತಿನ್ನಿ. ತಟ್ಟೆಗೇನೂ ಅವಸರ ಇಲ್ಲ."

ಕೊನೆಯ ಮಾತಿಗೆ ಸೆಜಾಯಿಯ ಎದೆ ಧಸಕ್ಕೆಂದಿತು. ತಟ್ಟೆಗೆ ಅವಸರವಿಲ್ಲ ಎಂದರೆ ತಟ್ಟೆ ವಾಪಸು ಹೋಗಬೇಕು ಎಂದರ್ಥ, ಅದೂ ತುಂಬಿಕೊಂಡು. ನೆರೆಯವರ ತಟ್ಟೆಯನ್ನು ಬರಿದಾಗಿ ಕಳಿಸುವುದೂ ಒಂದೇ, ಅವರ ಮುಖಕ್ಕೆ ಬಾಗಿಲು ಬಡಿಯುವುದೂ ಒಂದೇ. ಅವನ ತಾಯಿ ಬರಗಾಲದ ವರ್ಷದಲ್ಲೂ ಹಿಡಿ ಒಣದ್ರಾಕ್ಷಿಯನ್ನಾದರೂ ಹಾಕಿ ಕಳಿಸುತ್ತಿದ್ದಳು.

ಕೋನ್ಯಾದ ಭೂದಾಖಲೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ಸೆಜಾಯಿ ಯಾರಿಗೂ 'ಇಲ್ಲ' ಎಂದವನಲ್ಲ. ಅವನ ಮನೆಯ ಸೋಫಾ ಬಸ್ ನಿಲ್ದಾಣದ ಬೆಂಚಿನಂತೆ. ಚಿಕ್ಕಪ್ಪನ ಮಗ ಎದ್ದರೆ ಕಚೇರಿಯ ಜವಾನ ಕೂರುತ್ತಿದ್ದ. ಹೆಂಡತಿ ನೆವಿನ್ ಒಂದು ವರ್ಷದಿಂದ ಮಾತು ಕಡಿಮೆ ಮಾಡಿದ್ದಳು. ಜಗಳವಿಲ್ಲ, ಸಿಟ್ಟಿಲ್ಲ, ಬರೀ ಮೌನ. ಸೆಜಾಯಿಗೆ ಅದೇ ಭಯ. ಹೋದ ತಿಂಗಳು ಚಹಾ ಬಗ್ಗಿಸುತ್ತ ಅವಳು ತಾನಾಗಿ ಹೇಳಿದ್ದಳು: "ಸಮುದ್ರದ ಕಡೆ ಹೋಗೋಣ ರೀ. ನಾವಿಬ್ರೇ. ಒಂದು ದಿನವಾದ್ರೂ ಬೇರೆ ಯಾರೂ ಇರಬಾರ್ದು."

ಅವನಿಗೆ ಅಳುವೇ ಬಂದುಬಿಟ್ಟಿತ್ತು. ಮುದುಕಿಗೆ ಇನ್ನೂ ನನ್ನ ಮೇಲೆ ಆಸೆಯಿದೆ! ಬ್ರೆಡ್ ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಹಾಸಿಗೆ ಒಲೆ ಕೂಡಿಸಿ, ಅಂತಾಲ್ಯದಿಂದ ಕರಾವಳಿ ಹಿಡಿದು ಹೊರಟಿದ್ದ. ಆದರೆ ಅಲಾನ್ಯದಲ್ಲಿ ಹಳೆಯ ಸಹೋದ್ಯೋಗಿ ಕೈ ಹಿಡಿದು ಮನೆಗೆ ಎಳೆದೊಯ್ದ. ಗಾಜಿಪಾಶಾದಲ್ಲಿ ವ್ಯಾನು ರಿಪೇರಿ ಮಾಡಿದ ಮೆಕ್ಯಾನಿಕ್ಕನ ತಂಗಿಯ ನಿಶ್ಚಿತಾರ್ಥಕ್ಕೆ ಕೂರಬೇಕಾಯಿತು. ಅನಾಮುರಿನ ಬಾಳೆತೋಟದವನು ಎರಡು ದಿನ ಬಿಡಲೇ ಇಲ್ಲ. ಆರು ದಿನ ಹೀಗೇ ಹೋದವು. ಉಳಿದದ್ದು ಇದೊಂದು ದಿನ. ನಾಳೆ ಬೆಟ್ಟ ಹತ್ತಿ ಮನೆಗೆ. ಇದೂ ಕೈಬಿಟ್ಟರೆ ನೆವಿನ್ ಕೂಡ ಕೈಬಿಟ್ಟ ಹಾಗೆಯೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಅಕ್ಟೋಬರಾದರೂ ಸೆಕೆ. ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಮಡಚುವ ಕುರ್ಚಿಯಲ್ಲಿ ಕೂತು ನೆವಿನ್ ಕೇಳಿದಳು, "ಇವತ್ತು ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ."

"ಹಾಗಾದ್ರೆ ಕೂತ್ಕೊಳ್ಳಿ. ನಾನು..."

"ಒಂದೇ ನಿಮಿಷ. ಈ ತಟ್ಟೆ ಮುಟ್ಟಿಸಿಬಿಡ್ತೀನಿ, ಪೀಡೆ ತೊಲಗಲಿ."

ಅನಾಮುರಿನ ಬಾಳೆಹಣ್ಣು ಇಟ್ಟು ತಟ್ಟೆ ಕೊಟ್ಟು ಬಂದ. ಇನ್ನೇನು ಕೂರಬೇಕು, ತಟ್ಟೆ ಮರಳಿ ಬಂತು. ಈ ಸಲ ಅಕ್ರೋಟಿನ ಕೇಕು, ಜೊತೆಗೆ ರುಕಿಯೆಯ ಗಂಡ ಶೆವ್ಕೆತ್, ಅವನ ಕಂಕುಳಲ್ಲಿ ದಾಳದಾಟದ ಹಲಗೆ.

"ಒಂದಾಟ ಆಡೋಣ್ವಾ ತಮ್ಮಾ? ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ ನಿಂದು. ಮುಖದಲ್ಲೂ ಕಳೆ ಇಲ್ಲ. ಮಲಬದ್ಧತೆಯಾ?"

ಮೂರಾಟ ಆಯಿತು. ತಟ್ಟೆ ಆಲಿವ್ ಹೊತ್ತು ಹೋಯಿತು, ಬದನೆಕಾಯಿ ಹುರಿದದ್ದನ್ನು ಹೊತ್ತು ಬಂತು. ಅದರ ಹಿಂದೆ ರುಕಿಯೆಯ ನಾದಿನಿ, ಆ ನಾದಿನಿಯ ಮಂಡಿನೋವಿನ ಕತೆ. ನೆವಿನ್ ಬಾಯಿ ತೆರೆಯುವುದು, ಯಾರೋ ಬರುವುದು, ಅವಳು ಬಾಯಿ ಮುಚ್ಚಿ ಚಹಾಕ್ಕೆ ನೀರಿಡುವುದು.

ಮಧ್ಯಾಹ್ನ ಅವರೆಲ್ಲ ಸ್ನಾನಕ್ಕೆಂದು ಸಮುದ್ರಕ್ಕಿಳಿದದ್ದೇ ತಡ, ಕುರ್ಚಿಗಳನ್ನು ಒಳಗೆಸೆದು ವ್ಯಾನು ಓಡಿಸಿದ. ಎಂಟು ಕಿಲೋಮೀಟರಿನಾಚೆ, ಮಣ್ಣಿನ ದಾರಿಯ ಕೊನೆಗೆ, ಆಡುಗಳಷ್ಟೇ ಇದ್ದ ಪುಟ್ಟ ಕೊಲ್ಲಿ ಸಿಕ್ಕಿತು.

"ಈಗ ಹೇಳು ನೆವಿನ್."

ನೆವಿನ್ ಒಲೆಯ ಪಕ್ಕ ನೋಡುತ್ತಿದ್ದಳು. "ರೀ, ಅವರ ತಟ್ಟೆ."

ನೀಲಿ ಅಂಚಿನ ತಟ್ಟೆ ಬದನೆಕಾಯಿಯ ಎಣ್ಣೆ ಮೆತ್ತಿಕೊಂಡು ಅಲ್ಲೇ ಕೂತಿತ್ತು. "ಕದ್ಕೊಂಡು ಬಂದ ಹಾಗಾಯ್ತಲ್ರೀ. ಆಯಮ್ಮ ಏನಂದ್ಕೋತಾಳೆ?"

ಏನು ಹಾಕಿ ಕೊಡುವುದು, ಯಾರು ಹೋಗುವುದು ಎಂಬ ಚರ್ಚೆ ನಡೆದಿರುವಾಗಲೇ ದಾರಿಯಲ್ಲಿ ಧೂಳೆದ್ದಿತು. ಎರಡು ಗಾಡಿಗಳು ಬಂದು ನಿಂತವು.

"ಏನಾಯ್ತಪ್ಪಾ?" ರುಕಿಯೆ ಒದ್ದೆ ತಲೆಯಲ್ಲೇ ಓಡಿಬಂದಳು. "ಹೇಳದೆ ಕೇಳದೆ ಹೊರಟುಬಿಟ್ರಿ! ಮೈಗೆ ಹುಷಾರಿಲ್ವೇನೋ ಅಂತ ಜೀವ ಹೋಗಿತ್ತು ನನಗೆ. ದಾರೀಲಿ ಆಡು ಕಾಯೋನು ಹೇಳಿದ, ಬ್ರೆಡ್ ವ್ಯಾನು ಈ ಕಡೆ ಬಂತು ಅಂತ."

"ಒಳ್ಳೇ ಜಾಗ ಹುಡುಕಿದ್ದಾನೆ ಕಣೇ, ಕಳ್ಳ!" ಎಂದ ಶೆವ್ಕೆತ್. "ಇಲ್ಲೇ ಇರೋಣ. ಇದ್ದಿಲು ಇಳಿಸಿ!"

ಅರ್ಧ ಗಂಟೆಯಲ್ಲಿ ಕೊಲ್ಲಿಯ ತುಂಬ ಹೊಗೆ, ಮಾಂಸದ ವಾಸನೆ. ನೆವಿನ್ ಹೆಂಗಸರ ನಡುವೆ ಕೂತು ಟೊಮೆಟೊ ಹೆಚ್ಚುತ್ತ ನಗುತ್ತಿದ್ದಳು. ಸೆಜಾಯಿಗೆ ಆ ನಗು ಗೊತ್ತಿತ್ತು. ಮೂವತ್ತು ವರ್ಷ ಅತಿಥಿಗಳಿಗೆಂದು ತಂದುಕೊಂಡ ನಗು. ಪಾಪ, ಒಳಗೆ ಎಷ್ಟು ನೋಯುತ್ತಿದ್ದಾಳೋ ಎಂದುಕೊಂಡ. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು.

ತಟ್ಟೆ ತೊಳೆದ. ಅಂಗಿಯ ತುದಿಯಿಂದ ಒರೆಸಿದ. ಎಲ್ಲರ ಎದುರು ರುಕಿಯೆಯ ಮುಂದೆ ಹಿಡಿದ.

"ತಗೊಳ್ಳಿ ಅಕ್ಕಾ. ನಿಮ್ಮ ತಟ್ಟೆ."

ರುಕಿಯೆ ತಟ್ಟೆಯೊಳಗೆ ನೋಡಿದಳು. ಏನಾದರೂ ಅಂಟಿಕೊಂಡಿರಬಹುದೆಂಬಂತೆ ಮಗುಚಿಯೂ ನೋಡಿದಳು. ಅವಳ ಮುಖದ ನಗು ನಿಧಾನವಾಗಿ ಇಳಿಯಿತು. ಶೆವ್ಕೆತ್ ದಾಳಗಳನ್ನು ಜೇಬಿಗೆ ಹಾಕಿಕೊಂಡ. ಅವರೆಲ್ಲ ಅರೆಬೆಂದ ಮಾಂಸವನ್ನೂ ಕೆಂಡವನ್ನೂ ಹೊತ್ತುಕೊಂಡು ಕೊಲ್ಲಿಯ ಆಚೆ ತುದಿಗೆ ನಡೆದರು.

ಸೆಜಾಯಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

"ನೋಡಿದ್ಯಾ? ಜೀವಮಾನದಲ್ಲಿ ಮೊದಲನೇ ಸಲ ಒಬ್ರಿಗೆ ಇಲ್ಲ ಅಂದೆ. ನಿನಗೋಸ್ಕರ!"

ನೆವಿನ್ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು. ಸೆಜಾಯಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹೇಳೋದು ಬೇಡ, ಸುಮ್ಮನೆ ನಾಳೆ ಮನೆಗೆ ಹೋಗಿಬಿಡೋಣ ಅನ್ನಿಸಿತ್ತು," ಎಂದಳು. "ಈಗ ಟೊಮೆಟೊ ಹೆಚ್ಚುವಾಗ. ಎಷ್ಟು ದಿನ ಆಗಿತ್ತು ನಾನು ಹಾಗೆ ನಕ್ಕು. ಇನ್ನೊಂದಷ್ಟು ವರ್ಷ ಹೀಗೇ ಹೇಗೋ ಕಳೆದೀತು ಅಂದ್ಕೊಂಡೆ."

"ಏನು ಹೇಳೋದು?"

"ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ಹೋಗಬಾರ್ದು ಅಂತಲೇ ಇಬ್ರೇ ಬರೋಣ ಅಂದಿದ್ದು. ನಾನು ಎಸ್ಕಿಶೆಹಿರಿಗೆ ಅಕ್ಕನ ಮನೆಗೆ ಹೋಗ್ತೀನಿ ರೀ. ತಿರುಗಿ ಬರೋದಿಲ್ಲ."

ಸಮುದ್ರ ಅಲುಗಲಿಲ್ಲ. ಒಂದು ಆಡು ಕೂಡ ಕೂಗಲಿಲ್ಲ. ಸೆಜಾಯಿ ಎದ್ದು ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಕೊಲ್ಲಿಯ ಆಚೆ ತುದಿಗೆ ಕೇಳುವಂತೆ ಕಿರುಚಿದ:

"ರುಕಿಯೆ ಅಕ್ಕಾ! ಶೆವ್ಕೆತ್ ಅಣ್ಣಾ! ಚಹಾಕ್ಕೆ ನೀರಿಟ್ಟಿದ್ದೀನಿ, ಎಲ್ರೂ ಬನ್ನಿ!"

ಅತ್ತ ಕಡೆಯಿಂದ ರುಕಿಯೆಯ ದನಿ ತುಂಬ ಮರ್ಯಾದೆಯಿಂದ ಬಂತು: "ಬೇಡ ತಮ್ಮಾ. ನಿಮ್ಮ ಪಾಡಿಗೆ ನೀವು ಆರಾಮಾಗಿರಿ."

ನೆವಿನ್ ಇನ್ನೊಂದು ಕುರ್ಚಿ ಎಳೆದು ಹತ್ತಿರ ಹಾಕಿದಳು. "ಕೂತ್ಕೊಳ್ಳಿ," ಎಂದಳು. "ಇನ್ನೂ ಹೇಳೋದಿದೆ."